ಪರೇಲಿನ ಅಪರಿಚಿತರು

ಮುಂಬೈ ಜನರ ಒಳ್ಳೆಯತನದ ಮಾತು ಬಂದರೆ ಎಲ್ಲರೂ 2005ರ ಜುಲೈ 26ರ ಮಳೆಯನ್ನು ನೆನೆಯುತ್ತಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದು ಲೋಕಲ್ ರೈಲು ನಿಂತುಹೋದಾಗ, ಗುರುತಿಲ್ಲದವರು ಬಾಗಿಲು ತೆರೆದು ಚಹಾ ಕೊಟ್ಟರು, ಮಲಗಲು ಜಾಗ ಕೊಟ್ಟರು. ಅದು ದೊಡ್ಡ ಮಾತೇ. ನಾನು ಕಂಡದ್ದು ಮಾತ್ರ ಮಳೆಯಿಲ್ಲದ, ಕ್ಯಾಮೆರಾ ಇಲ್ಲದ ಮಾಮೂಲಿ ದಿನಗಳ ಮುಂಬೈ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತಮುತ್ತ ಅದು ದಿನಾಲೂ ಕಾಣಸಿಗುತ್ತದೆ.

ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಬಾಗಲಕೋಟೆಯಲ್ಲಿ ಗದಗ-ಮುಂಬೈ ರೈಲು ಹತ್ತಿದೆವು. ನಮಗೆ ಮುಂಬೈ ಪರದೇಶವೇ. ಅಕ್ಕನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನನ್ನದು ಶಾಲೆಯಲ್ಲಿ ಕಲಿತ ಹಿಂದಿ. ದಾದರ್‌ನಿಂದ ಪರೇಲಿಗೆ ಒಂದೇ ಸ್ಟೇಷನ್. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಹುಡುಗನ ಮುಖದ ಮೇಲಿನ ಮಾಸ್ಕ್ ನೋಡಿ ಒಬ್ಬಾಕೆ "ಟಾಟಾ?" ಎಂದಷ್ಟೇ ಕೇಳಿದಳು. ಹೂಂ ಎಂದೆ. ತಕ್ಷಣ ಸೀಟಿನಲ್ಲಿ ಕೂತಿದ್ದವರು ಸರಿದು ಅವನನ್ನು ಕೂರಿಸಿಕೊಂಡರು. ಪರೇಲ್ ಬಂದಾಗ ಅದೇ ಹೆಂಗಸರು ಕೂಗಿ ಕೂಗಿ ದಾರಿ ಬಿಡಿಸಿ, ನಮ್ಮ ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಅಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು.

ಟಾಟಾ ಆಸ್ಪತ್ರೆ ಶುರುವಾದದ್ದು 1941ರ ಫೆಬ್ರವರಿ 28ರಂದು. ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ಇರಲು ಮನೆಯಿಲ್ಲದ ಎಷ್ಟೋ ಕುಟುಂಬಗಳು ಎದುರಿನ ಫುಟ್‌ಪಾತಿನ ಮೇಲೇ ದಿನ ಕಳೆಯುತ್ತವೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದ ಚೀಟಿ ಸಿಕ್ಕಿದ್ದರಿಂದ ನಮಗೆ ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗವಾಯಿತು. ಗಾಡಗೆ ಮಹಾರಾಜರು 1956ರಲ್ಲಿ ತೀರಿಕೊಂಡವರು. ಹಗಲು ಪೊರಕೆ ಹಿಡಿದು ಊರಿನ ಬೀದಿ ಗುಡಿಸಿ, ರಾತ್ರಿ ಕೀರ್ತನೆ ಮಾಡುತ್ತಿದ್ದ ಸಂತ. ಜನ ಕೊಟ್ಟ ದುಡ್ಡನ್ನು ಧರ್ಮಶಾಲೆ ಕಟ್ಟಲು ಹಾಕಿದರು. ಅವರ ಹೆಸರನ್ನೂ ಕೇಳಿರದ ನಮ್ಮಂಥವರಿಗೆ ಇವತ್ತು ಅಲ್ಲಿ ತಲೆಯ ಮೇಲೆ ಸೂರು. ಪಕ್ಕದ ಹಾಸಿಗೆಯ ಸಾಂಗ್ಲಿಯ ಹೆಂಗಸು ತನ್ನ ಗಂಡನ ಕಾಯಿಲೆಯ ಚಿಂತೆಯಲ್ಲೇ ಇದ್ದವಳು. ಆದರೂ ಮೊದಲ ರಾತ್ರಿ ಅಕ್ಕನ ಪಕ್ಕ ಕೂತು "ತಾಯಿ, ಘಾಬರೂ ನಕಾ" ಎಂದು ಬೆನ್ನು ಸವರಿದಳು. ಮಗುವಿಗೆ ಕೊಡುವ ನೀರನ್ನು ಎಷ್ಟು ಹೊತ್ತು ಕುದಿಸಬೇಕು, ಫೈಲಿನಲ್ಲಿ ಯಾವ ಕಾಗದ ಮೇಲಿರಬೇಕು, ಎಲ್ಲ ಅವಳೇ ಹೇಳಿಕೊಟ್ಟಳು.

ಕೀಮೋ ಶುರುವಾದ ಮೇಲೆ ನಿಜವಾದ ಪರೀಕ್ಷೆ ಬಂತು. ಕೀಮೋದಿಂದ ರೋಗದ ಕಣಗಳ ಜೊತೆ ಪ್ಲೇಟ್‌ಲೆಟ್ಟೂ ನಾಶವಾಗುತ್ತವೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಕನಿಷ್ಠ 1.5 ಲಕ್ಷ ಇರಬೇಕಾದದ್ದು 10 ಸಾವಿರಕ್ಕೆ ಇಳಿದರೆ ತಾನಾಗಿಯೇ ರಕ್ತಸ್ರಾವವಾಗುವ ಭಯ. ಪ್ಲೇಟ್‌ಲೆಟ್ಟನ್ನು ಮೊದಲೇ ತೆಗೆದು ತಿಂಗಳುಗಟ್ಟಲೆ ಇಡಲು ಬರುವುದಿಲ್ಲ. ಅದರ ಆಯುಷ್ಯ ಸುಮಾರು 5 ದಿನ. ಅಂದರೆ ಇವತ್ತು ಮಗು ಉಳಿಯಬೇಕಾದರೆ ಈ ವಾರವೇ ಯಾರಾದರೂ ಬಂದು ಕೊಟ್ಟಿರಬೇಕು. ನಮ್ಮವರೆಲ್ಲ ಇದ್ದದ್ದು ಬಾಗಲಕೋಟೆಯಲ್ಲಿ.

ರಕ್ತನಿಧಿಯ ಪಟ್ಟಿಯಲ್ಲಿದ್ದ ದಾನಿಗಳಿಗೆ ಫೋನು ಹೋದ ಮೇಲೆ ಬಂದವನು ಕುರಿಯರ್ ಆಫೀಸಿನ ಹುಡುಗ, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಯಂತ್ರ ತೋಳಿನಿಂದ ರಕ್ತ ಎಳೆದು, ಪ್ಲೇಟ್‌ಲೆಟ್ ಬೇರ್ಪಡಿಸಿ, ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತದೆ. ಒಂದು ಗಂಟೆಗೂ ಮೇಲೆ ಅಲ್ಲಾಡದೆ ಕೂರಬೇಕು. ಹೊರಗೆ ಬಂದಾಗ ಮೊಣಕೈ ಮಡಿಕೆಯಲ್ಲಿ ಹತ್ತಿ, ಕೈಯಲ್ಲಿ ರಕ್ತನಿಧಿಯವರು ಕೊಟ್ಟ ಪಾರ್ಲೆ-ಜಿ ಪೊಟ್ಟಣ. ಅಕ್ಕ ಬಗ್ಗಿ ಕಾಲು ಮುಟ್ಟಲು ಹೋದಳು. ಅವನು ಥಟ್ಟನೆ ಹಿಂದೆ ಸರಿದು, "ತಾಯಿ, ಜೇವ್ಲಾತ್ ಕಾ?" ಎಂದು ಕೇಳಿದ. ಊಟ ಮಾಡಿರಲಿಲ್ಲ, ಮುಖವೇ ಹೇಳುತ್ತಿತ್ತು. ಬಿಸ್ಕತ್ತು ಹುಡುಗನಿಗೆ ಕೊಡಿ ಎಂದು ನನ್ನ ಕೈಗಿಟ್ಟು ಸ್ಟೇಷನ್ ಕಡೆ ನಡೆದ. ಅಕ್ಕ ಅವನು ಹೋದ ದಾರಿಯನ್ನೇ ನೋಡುತ್ತ, "ಇಂವ ನಮಗ ಏನ್ ಆಗಬೇಕಾಗಿತ್ತ ತಂಗಿ?" ಎಂದಳು. ಅವನನ್ನು ಮತ್ತೆ ನೋಡಲಿಲ್ಲ. ಅಕ್ಕನ ಮಗ ಈಗ ಶಾಲೆಗೆ ಹೋಗುತ್ತಾನೆ.

ಇದೆಲ್ಲ ಮುಂಬೈಯ ದೊಡ್ಡ ಮನಸ್ಸು ಎಂದು ಹೊಗಳಿ ಸುಮ್ಮನಾಗಲು ನನಗಾಗದು. ಒಳ್ಳೆಯ ಮನಸ್ಸು ಬಾಗಲಕೋಟೆಯಲ್ಲೂ ಇದೆ. ಪರೇಲಿನಲ್ಲಿ ಆ ಮನಸ್ಸಿಗೆ ಯಾರೋ ದಾರಿ ಮಾಡಿಟ್ಟಿದ್ದಾರೆ. ದಾನಿಗಳ ಪಟ್ಟಿ ಇದೆ, ಧರ್ಮಶಾಲೆ ಇದೆ. ಹರಖ್‌ಚಂದ್ ಸಾವ್ಲಾ ಅವರ ಜೀವನ್ ಜ್ಯೋತ್ ಟ್ರಸ್ಟ್ ಆಸ್ಪತ್ರೆಯ ಹತ್ತಿರ ದಶಕಗಳಿಂದ ರೋಗಿಗಳಿಗೂ ಜೊತೆಗೆ ಬಂದವರಿಗೂ ದಿನವೂ ಅನ್ನ ಹಾಕುತ್ತಿದೆ. ಆ ಕುರಿಯರ್ ಹುಡುಗನ ಹೆಸರು ಪಟ್ಟಿಯಲ್ಲಿ ಇರದಿದ್ದರೆ ನಮ್ಮ ಕಷ್ಟ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹುಬ್ಬಳ್ಳಿ, ಕಲಬುರಗಿಯ ದೊಡ್ಡ ಆಸ್ಪತ್ರೆಗಳ ಸುತ್ತಲೂ ಇಂಥ ಏರ್ಪಾಡು ಗಟ್ಟಿಯಾಗಬೇಕು.

ನಮ್ಮ ಕಡೆಯಿಂದ ಹೊರಡುವವರಿಗೆ ಒಂದು ಮಾತು: ಆಸ್ಪತ್ರೆಯ ರಿಯಾಯಿತಿ ಪತ್ರವಿದ್ದರೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಯವರಿಗೆ ಶೇಕಡ 75 ರಿಯಾಯಿತಿ ಸಿಗುತ್ತದೆ. ಮಾಟುಂಗಾ, ಥಾಣೆ, ಡೊಂಬಿವಲಿಯ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ. ರಕ್ತನಿಧಿಗೆ ಹೋಗಿ ಪ್ಲೇಟ್‌ಲೆಟ್ ದಾನಿಯೆಂದು ಹೆಸರು ಬರೆಸಿ. ಊಟ ಮಾಡಿಕೊಂಡು ಹೋಗಿ, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು.