ವೃದ್ಧಾಪ್ಯವೂ ವಾಹನಚಾಲನೆಯೂ

ಐವತ್ತೈದು ದಾಟಿದವರು ಚಾಲನಾ ಪರವಾನಗಿಯನ್ನು ನವೀಕರಿಸಿಕೊಂಡರೆ ಅದು ಐದು ವರ್ಷ ಸಿಂಧುವಾಗಿರತಕ್ಕದ್ದೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ವಿಧಿಸಿದೆಯಾದರೂ, ಅಷ್ಟು ಕಾಲ ಕಣ್ಣು, ಕಿವಿ, ಕೀಲುಗಳು ಕಾಯಿದೆಗೆ ಮರ್ಯಾದೆ ಕೊಟ್ಟು ಇದ್ದಂತೆಯೇ ಇರುವುವೆಂದು ಯಾರೂ ಹೇಳಲಾರರು. ಅರ್ಜಿಯೊಡನೆ ಸಲ್ಲಿಸುವ ಘೋಷಣಾಪತ್ರವು, 25 ಮೀಟರು ದೂರದ ಕಾರಿನ ನಂಬರ್ ಪ್ಲೇಟು ಹಗಲಿನಲ್ಲಿ ಕಾಣುವುದೇ, ಇರುಳುಗುರುಡು ಉಂಟೇ ಎಂದೆಲ್ಲ ಕೇಳುತ್ತದೆ, ಉತ್ತರಿಸುವವನು ಅರ್ಜಿದಾರನೇ. ವೈದ್ಯರ ಪ್ರಮಾಣಪತ್ರವೂ ಬೇಕು, ನಿಜ. ಆದರೆ ಅವರೆದುರು ನೆಮ್ಮದಿಯಾಗಿ ಕುಳಿತ ಮನುಷ್ಯನು ಸಂಜೆಯ ಸರ್ಕಲ್ಲಿನಲ್ಲಿ ಹೇಗೆ ವರ್ತಿಸುವನೆಂಬುದು ಆ ಕೊಠಡಿಯಲ್ಲಿ ಗೋಚರಿಸುವುದಿಲ್ಲ.

ಮುಪ್ಪು ಮೊದಲು ಕೈಹಾಕುವುದು ಇರುಳಿನ ದೃಷ್ಟಿಗೆ. ಪಾಪೆ ಕಿರಿದಾಗಿ, ಮಸೂರವು ಹಳದಿಗಟ್ಟುವುದರಿಂದ, ಅರುವತ್ತರವರ ಅಕ್ಷಿಪಟಲವನ್ನು ತಲುಪುವ ಬೆಳಕು ಇಪ್ಪತ್ತರವರದರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಎದುರಿನ ಲಾರಿಯ ಹೈಬೀಮ್ ಹೊಡೆದ ಮೇಲೆ ಕಣ್ಣು ತಿಳಿಯಾಗಲು ಹಿಡಿಯುವ ಕಾಲವೂ ದೀರ್ಘವಾಗುತ್ತದೆ. ನಮ್ಮ ರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪು, ಹಿಂದೀಪವಿಲ್ಲದ ಟ್ರ್ಯಾಕ್ಟರು ಕಾದಿರುವುದು ಆ ಕ್ಷಣಕ್ಕೇ. ಗ್ಲಾಕೋಮಾ ಆದರೋ, ನೋವಿಲ್ಲದೆ ಎರಡೂ ಬದಿಯ ನೋಟವನ್ನು ಕಬಳಿಸುತ್ತ ಬರುತ್ತದೆ. ಇನ್ನು ಬುದ್ಧಿಯ ನಿರ್ಣಯ ಕಾಲಿಗೆ ಇಳಿಯುವಲ್ಲಿ ಅರ್ಧ ಸೆಕೆಂಡು ಹೆಚ್ಚು ತಡವಾಯಿತೆನ್ನಿ: ಗಂಟೆಗೆ 60 ಕಿಲೋಮೀಟರು ವೇಗದ ಕಾರು ಅಷ್ಟರಲ್ಲಿ ಎಂಟು ಮೀಟರು ಮುಂದೆ ಹೋಗಿರುತ್ತದೆ.

ಇವೆಲ್ಲದರ ಸುಳಿವು ಮನೆಯವರಿಗೆ ಮೊದಲು ದೊರೆಯುವುದು ಗೇಟಿನ ಕಂಬದಲ್ಲಿ. ಕಾರಿನ ಎಡಮಗ್ಗುಲಿನ ಗೀರು ಒಂದಿದ್ದದ್ದು ಮೂರಾಗಿರುತ್ತದೆ, ಕಂಬಕ್ಕೆ ಅದೇ ಬಣ್ಣ ಹತ್ತಿರುತ್ತದೆ, "ಅದು ಹಳೇದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ತಿರುವು ಮುಗಿದು ಫರ್ಲಾಂಗು ಕಳೆದರೂ ಸ್ಕೂಟರಿನ ಇಂಡಿಕೇಟರು ಮಿನುಗುತ್ತಲೇ ಇರುವುದು, ಕುತ್ತಿಗೆ ಹೊರಳದೆ ಹಿಂದೆ ನೋಡದೆಯೇ ಬಲಕ್ಕೆ ತಿರುಗಿಸುವುದು, ಪಕ್ಕದಲ್ಲಿ ಕುಳಿತ ಹೆಂಡತಿ ಇಲ್ಲದ ಬ್ರೇಕನ್ನು ತುಳಿಯತೊಡಗುವುದು, ಇವೂ ಲಕ್ಷಣಗಳೇ. ಬ್ರೇಕೆಂದು ಆಕ್ಸಿಲರೇಟರನ್ನು ಒತ್ತಿದರೆ, ಅಥವಾ ನಿತ್ಯ ಹೋಗುವ ಮಾರುಕಟ್ಟೆಯ ದಾರಿಯೇ ತಪ್ಪಿದರೆ, ಮರುದಿನಕ್ಕೂ ಕಾಯದೆ ವಾಹನ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಹಾಗೆಂದು ಪ್ರತಿಯೊಂದು ನ್ಯೂನತೆಯೂ ಶಾಶ್ವತವಲ್ಲ. ಕಣ್ಣಿನ ಪೊರೆಯನ್ನು ತೆಗೆಸಬಹುದು. ನಿದ್ರೆಯ ಮಾತ್ರೆ, ಮಂಪರು ತರಿಸುವ ನೆಗಡಿಯ ಮಾತ್ರೆಗಳನ್ನು ಬದಲಾಯಿಸಿಕೊಳ್ಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಇಳಿಯದಂತೆ ನೋಡಿಕೊಳ್ಳಬಹುದು. "ಅಪ್ಪಾ, ಕತ್ತಲಾದ ಮೇಲೆ ನಾನೇ ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ" ಎಂಬ ಮಾತಿಗೆ ಒಪ್ಪುವ ತಂದೆ, ಕೀಲಿಯನ್ನು ಬಚ್ಚಿಟ್ಟರೆ ಮನೆಯನ್ನೇ ತಲೆಕೆಳಗು ಮಾಡಿಯಾರು.

ಜಪಾನಿನಲ್ಲಿ ಪರವಾನಗಿಯನ್ನು ಸ್ವಇಚ್ಛೆಯಿಂದ ಹಿಂದಿರುಗಿಸುವ ವ್ಯವಸ್ಥೆ 1998ರಿಂದ ಇದ್ದು, ಹಾಗೆ ಮಾಡಿದ ವೃದ್ಧರಿಗೆ ಅನೇಕ ಊರುಗಳು ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ ನೀಡುತ್ತವೆ. ನಮ್ಮ ಕೆಎಸ್‌ಆರ್‌ಟಿಸಿಯಲ್ಲಿ ಹಿರಿಯ ನಾಗರಿಕರಿಗೆ ಶೇಕಡಾ 25ರ ರಿಯಾಯಿತಿ ಉಂಟು. 2023ರ ಶಕ್ತಿ ಯೋಜನೆಯ ತರುವಾಯ ಅಜ್ಜಿಯರಿಗೆ ಟಿಕೇಟಿನ ಹಣವೇ ಇಲ್ಲ, ಸ್ಕೂಟರನ್ನು ಬಿಡಲೊಲ್ಲದವರು ಅಜ್ಜಂದಿರೇ. ಆದರೆ ಬಸ್ಸಿನ ಮೆಟ್ಟಿಲು ನೋಯುವ ಮಂಡಿಗೆ ಎತ್ತರ, ನಿಲ್ದಾಣದವರೆಗಿನ ಫುಟ್‌ಪಾತಿನಲ್ಲಿ ಕಲ್ಲು ಕಿತ್ತಿದೆ. ಆದುದರಿಂದ ಕೀಲಿಯನ್ನು ಕೇಳುವ ಮುನ್ನ, ಬ್ಯಾಂಕಿಗೆ, ಆಸ್ಪತ್ರೆಗೆ, ಗುರುವಾರದ ರಾಯರ ಮಠಕ್ಕೆ ಅವರನ್ನು ಯಾರು, ಎಷ್ಟು ಗಂಟೆಗೆ ಕರೆದೊಯ್ಯುವರೆಂಬುದನ್ನು ಮಕ್ಕಳು ತಮ್ಮೊಳಗೆ ನಿಷ್ಕರ್ಷಿಸಿಕೊಂಡಿರಬೇಕು.