ಅಂಗಡಿಯಲ್ಲಿ ಬೆಕ್ಕಿದೆ, ಈಗ ನಾಯಿಯೂ ಬಂತು: ಎರಡನ್ನೂ ಹೊಂದಿಸೋದು ಹೇಗೆ?

ಇಲಿ ಕಾಟಕ್ಕೆ ಬೆಕ್ಕು, ರಾತ್ರಿ ಕಾವಲಿಗೆ ನಾಯಿ. ಕಿರಾಣಿ ಅಂಗಡಿ, ಅಕ್ಕಿ ಮಂಡಿ, ಹಿಂಡಿ-ಬೂಸಾ ಗೋದಾಮು ಇಟ್ಟುಕೊಂಡವರಿಗೆ ಎರಡೂ ಬೇಕು. ಆದರೆ ಬೀದಿಯಿಂದಲೋ, ಪರಿಚಯದವರ ಮನೆಯಿಂದಲೋ ನಾಯಿ ತಂದು ಮೊದಲ ದಿನವೇ ಬೆಕ್ಕಿನ ಮುಂದೆ ಬಿಟ್ಟರೆ ಕೆಲಸ ಕೆಡುತ್ತೆ. ಬೆಕ್ಕು ಗಾಯ ಮಾಡಿಕೊಳ್ಳಬಹುದು, ಇಲ್ಲವೇ ಜಾಗ ಬಿಟ್ಟೇ ಹೋಗಬಹುದು. ಬೆಕ್ಕು ಹೋದ ಮೇಲೆ ಮೂಟೆಗೆ ತೂತು ಬೀಳಲು ಹೆಚ್ಚು ದಿನ ಬೇಕಿಲ್ಲ. ಮನೆಯಲ್ಲಿ ಸಾಕುವವರಿಗೂ ಇದೇ ಮಾತು ಅನ್ವಯ.

ನಾಯಿ ಯಾಕೆ ಅಟ್ಟಿಸಿಕೊಂಡು ಹೋಗುತ್ತೆ?

ನಾಯಿಗೆ ಬೆಕ್ಕಿನ ಮೇಲೆ ಹಗೆ ಇರಲೇಬೇಕೆಂದಿಲ್ಲ. ಎದುರಿಗೆ ಏನಾದರೂ ಓಡಿದರೆ ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಬೆಕ್ಕು ಹೆದರಿ ಓಡುತ್ತೆ, ಅದು ಓಡಿದ್ದಕ್ಕೇ ನಾಯಿ ಬೆನ್ನು ಹತ್ತುತ್ತೆ. ಮುಧೋಳ ತಳಿಯಂಥ ಬೇಟೆ ನಾಯಿಗಳು ಕಣ್ಣಿನಿಂದಲೇ ಬೇಟೆ ಗುರುತಿಸುವಂಥವು. ಇವುಗಳಲ್ಲಿ ಈ ಗುಣ ಇನ್ನೂ ಜಾಸ್ತಿ. ಹಾಗಾಗಿ ಮೊದಲ ಕೆಲಸ ಎಂದರೆ ಅಟ್ಟಿಸುವ ಅವಕಾಶವನ್ನೇ ಕೊಡದಿರುವುದು.

ಮೊದಲು ಪಶು ಆಸ್ಪತ್ರೆ

ಹೊಸ ನಾಯಿಯನ್ನು ಬೆಕ್ಕಿನ ಹತ್ತಿರ ಬಿಡುವ ಮುಂಚೆ ಪಶುವೈದ್ಯರಿಗೆ ತೋರಿಸಿ. ರೇಬಿಸ್ ಲಸಿಕೆ ನಾಯಿಗೂ ಬೇಕು, ಬೆಕ್ಕಿಗೂ ಬೇಕು. ಮರಿಗೆ 3 ತಿಂಗಳು ತುಂಬಿದಾಗ ಮೊದಲ ಡೋಸ್ ಕೊಡುತ್ತಾರೆ. ಮುಂದಿನ ಡೋಸ್‌ಗಳ ದಿನಾಂಕವನ್ನು ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.

ನಾಯಿಯ ಮೈಯಲ್ಲಿ ಉಣ್ಣೆ, ಚಿಗಟ ಇದ್ದರೆ ಬೆಕ್ಕಿಗೂ ಹತ್ತುತ್ತೆ. ಆದರೆ ನಾಯಿಗೆ ತಂದ ಔಷಧಿಯನ್ನೇ ಬೆಕ್ಕಿಗೂ ಹಚ್ಚಬೇಡಿ. ನಾಯಿಯ ಉಣ್ಣೆ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತೆ. ಇದು ಬೆಕ್ಕಿಗೆ ವಿಷ, ಜೀವಕ್ಕೇ ಅಪಾಯ. ಇಂಥ ಔಷಧಿ ಹಚ್ಚಿದ ನಾಯಿಯ ಮೈ ಒಣಗುವವರೆಗೂ ಬೆಕ್ಕನ್ನು ದೂರವಿಡಿ.

ಮೊದಲ ವಾರ: ವಾಸನೆ ಪರಿಚಯ

* ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಬೆಕ್ಕು ಮೊದಲಿಂದ ಓಡಾಡುತ್ತಿದ್ದ ಜಾಗ ಅದಕ್ಕೇ ಇರಲಿ. ಹೊಸಬನಿಗೆ ಹೊಸ ಜಾಗ ಕೊಡಿ.
* ನಾಯಿ ಮಲಗಿದ ಗೋಣಿಚೀಲವನ್ನು ಬೆಕ್ಕಿನ ಕೋಣೆಯಲ್ಲಿ, ಬೆಕ್ಕು ಮಲಗಿದ ಬಟ್ಟೆಯನ್ನು ನಾಯಿಯ ಹತ್ತಿರ ಹಾಕಿ. ಮುಖ ನೋಡುವ ಮುಂಚೆ ವಾಸನೆ ಪರಿಚಯವಾಗಲಿ.
* ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಹಾಕಿ. ಎರಡೂ ಗಾಬರಿಯಿಲ್ಲದೆ ತಿನ್ನಲು ಶುರು ಮಾಡಿದ ಮೇಲೆ ಮುಂದಿನ ಹೆಜ್ಜೆ. ಅದಕ್ಕೆ ವಾರಕ್ಕಿಂತ ಹೆಚ್ಚು ಬೇಕಾದರೂ ಆತುರ ಬೇಡ.

ಎದುರಾಬದುರು ಬಿಡುವಾಗ

ನಾಯಿಗೆ ಹೊಟ್ಟೆ ತುಂಬಿರಲಿ, ಒಂದು ಸುತ್ತು ನಡೆಸಿಕೊಂಡು ಬಂದಿರಿ. ಬೆಲ್ಟ್ ಹಾಕಿ ಹಗ್ಗ ಕೈಯಲ್ಲೇ ಹಿಡಿದಿರಿ. ಬೆಕ್ಕನ್ನು ಮಾತ್ರ ಕಟ್ಟಬೇಡಿ, ಎತ್ತಿಕೊಂಡು ನಾಯಿಯ ಮೂತಿಗೆ ಹಿಡಿಯಲೂಬೇಡಿ. ಅದಕ್ಕೆ ಹತ್ತಲು ಅಟ್ಟ, ಕಪಾಟು, ಮೂಟೆಗಳ ಸಾಲು ಹೀಗೆ ಎತ್ತರದ ಜಾಗ ಇರಲೇಬೇಕು.

ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ನಾಯಿ ಬೆಕ್ಕನ್ನು ನೋಡಿ, ಮತ್ತೆ ನಿಮ್ಮ ಕಡೆ ಮುಖ ತಿರುಗಿಸಿದ ಕೂಡಲೇ ತಿನ್ನಲು ಏನಾದರೂ ಕೊಡಿ. ಬೆಕ್ಕು ಕಂಡಾಗ ಸುಮ್ಮನಿದ್ದರೆ ಒಳ್ಳೆಯದು ಸಿಗುತ್ತೆ ಅನ್ನೋದು ಅದಕ್ಕೆ ಅರ್ಥವಾಗಬೇಕು. ಗದರಿಸಿ ಹೊಡೆದರೆ ಉಲ್ಟಾ ಆಗುತ್ತೆ. ಬೆಕ್ಕು ಬಂದರೆ ಏಟು ಬೀಳುತ್ತೆ ಅಂತ ನಾಯಿ ಕಲಿತು, ಸಿಟ್ಟು ಬೆಕ್ಕಿನ ಮೇಲೆ ತಿರುಗಬಹುದು.

ನಾಯಿ ಮೈ ಬಿಗಿ ಮಾಡಿ, ಬಾಯಿ ಮುಚ್ಚಿ, ರೆಪ್ಪೆ ಬಡಿಯದೆ ಬೆಕ್ಕನ್ನೇ ದಿಟ್ಟಿಸಿದರೆ ಅಂದಿನ ಪಾಠ ಅಲ್ಲಿಗೇ ನಿಲ್ಲಿಸಿ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸ್ನೇಹ ಎಂದುಕೊಳ್ಳಬೇಡಿ. ಬೆಕ್ಕು ಬುಸುಗುಟ್ಟಿದರೆ ಬೈಯಬೇಡಿ, ಅದು 'ದೂರ ಇರು' ಅನ್ನುವ ಎಚ್ಚರಿಕೆ ಅಷ್ಟೇ. ಬೆಕ್ಕು ಇಡೀ ದಿನ ಊಟ ಮುಟ್ಟದಿದ್ದರೆ ವೈದ್ಯರನ್ನು ಕೇಳಿ.

ಶಟರ್ ಎಳೆಯುವ ಮುಂಚೆ

ಅಂಗಡಿಯವರು ಮುಖ್ಯವಾಗಿ ಗಮನಿಸಬೇಕಾದ್ದು ಇದು. ಹಗಲು ನಿಮ್ಮೆದುರು ಸುಮ್ಮನಿದ್ದ ನಾಯಿ ರಾತ್ರಿಯೂ ಹಾಗೇ ಇರುತ್ತೆ ಎಂಬ ಗ್ಯಾರಂಟಿ ಇಲ್ಲ. ಶಟರ್ ಎಳೆದ ಮೇಲೆ ಬೆಕ್ಕಿಗೆ ತಪ್ಪಿಸಿಕೊಳ್ಳಲು ದಾರಿ ಇರಲ್ಲ, ಬಿಡಿಸಲು ಯಾರೂ ಇರಲ್ಲ. ಹಲವು ವಾರ ಒಂದೂ ತಕರಾರಿಲ್ಲದೆ ಕಳೆಯುವವರೆಗೂ ರಾತ್ರಿ ಬೇರೆ ಬೇರೆ ಇಡಿ. ಬೆಕ್ಕಿನ ಊಟದ ತಟ್ಟೆ ನಾಯಿಗೆ ಎಟುಕದ ಎತ್ತರದಲ್ಲಿರಲಿ. ಇಲಿ ಪಾಷಾಣ ಇಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದನ್ನು ತಿಂದರೆ ನಾಯಿಗೂ, ಪಾಷಾಣ ತಿಂದ ಇಲಿ ಹಿಡಿದರೆ ಬೆಕ್ಕಿಗೂ ಅಪಾಯ.

ಜಗಳ ಬಿಡಿಸಲು ಕೈ ಹಾಕಬೇಡಿ

ನಡುವೆ ಹಲಗೆ ಅಥವಾ ರಟ್ಟು ಅಡ್ಡ ಹಿಡಿಯಿರಿ, ನೀರು ಎರಚಿ. ಆದರೂ ಕಚ್ಚಿಸಿಕೊಂಡರೆ, ಪರಚಿಸಿಕೊಂಡರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚುವುದು ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಷ್ಟೂ ಡೋಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಮ್ಮ ಮನೆ ಬೆಕ್ಕೇ ತಾನೆ ಅಂತ ಸುಮ್ಮನಿರಬೇಡಿ, ಬೆಕ್ಕಿನಿಂದಲೂ ರೇಬಿಸ್ ಬರುತ್ತೆ.

ಹೊಂದದಿದ್ದರೆ?

ಕೆಲವು ಜೋಡಿ ಎರಡು ವಾರದಲ್ಲಿ ಹೊಂದುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಎಷ್ಟು ಮಾಡಿದರೂ ಬೆಕ್ಕನ್ನು ಬೇಟೆಯಂತೆಯೇ ನೋಡುವ ನಾಯಿಗಳೂ ಇರುತ್ತವೆ. ಅಂಥದ್ದನ್ನು ಖಾಯಂ ಬೇರೆ ಇಡಿ, ಇಲ್ಲವೇ ಬೆಕ್ಕಿಲ್ಲದ ಮನೆಯವರಿಗೆ ಒಪ್ಪಿಸಿ. ಊರಾಚೆ ಬಿಟ್ಟು ಬರುವುದು ಮಾತ್ರ ಬೇಡ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹೀಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.