ಟೋಕಿಯೊದಲ್ಲಿ ಮನೆ ಹುಡುಕುವಾಗ

ಕುಂದಾಪುರ ಕಡೆಯ ಸಿದ್ದಾಪುರದ ಹಳೆಯ ಮನೆಗಳು ಮಳೆಗೆ ಹೆದರಿ ಕಟ್ಟಿದವು. ಘಟ್ಟದ ಬುಡದ ಈ ಊರಿನಲ್ಲಿ ಬಿಟ್ಟೂಬಿಡದೆ ಹೊಯ್ಯುವ ಮಳೆಗೆಂದೇ ಇಳಿಜಾರಾದ ಹೆಂಚಿನ ಮಾಡು, ಮುರಕಲ್ಲಿನ ದಪ್ಪ ಗೋಡೆ, ಎರಚಲು ತಡೆಯಲು ಜಗಲಿಗೆ ಮಡಲ ತಟ್ಟಿ. ಇಂಥ ಊರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಎಂಜಿನಿಯರಾಗಿ, ಕಂಪನಿ ಕೆಲಸದ ಮೇಲೆ ಜಪಾನಿಗೆ ಹೊರಡುವ ಹುಡುಗ ಹುಡುಗಿಯರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಅಲ್ಲಿನ ಮನೆಗಳು ಹೆದರುವುದು ನೆಲಕ್ಕೆ.

1995ರ ಜನವರಿ 17ರ ಬೆಳಗಿನ ಜಾವ ಕೋಬೆ ನಗರ ನಡುಗಿದಾಗ 6,400ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮಂದಿಯ ಜೀವ ಹೋದದ್ದು ಮನೆಯೊಳಗೇ, ಕುಸಿದ ಮಾಡು ಗೋಡೆಗಳಡಿ ಸಿಕ್ಕಿ. ಭಾರದ ಹೆಂಚು ಹೊತ್ತು ನಿಂತಿದ್ದ ಹಳೆಯ ಮರದ ಮನೆಗಳು ಸಾಲುಸಾಲಾಗಿ ಮಲಗಿದ್ದವು. ಕೋಬೆ ಭಾರತೀಯರಿಗೆ ಹಳೆಯ ಪರಿಚಯದ ಊರು. 1923ರ ಭೂಕಂಪದಲ್ಲಿ ಯೊಕೊಹಾಮಾ ಹಾಳಾದಾಗ ಅಲ್ಲಿದ್ದ ನಮ್ಮ ದೇಶದ ವ್ಯಾಪಾರಿಗಳು ಹಲವರು ಬಂದು ನೆಲೆನಿಂತದ್ದು ಇಲ್ಲಿಯೇ.

ಆದ್ದರಿಂದ ಬಾಡಿಗೆ ಎಷ್ಟು, ರೈಲು ನಿಲ್ದಾಣ ಎಷ್ಟು ದೂರ ಎಂಬುದೆಲ್ಲ ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು ಕಟ್ಟಡದ ವಯಸ್ಸು. 1981ರ ಜೂನ್ 1ರಿಂದ ಜಪಾನಿನಲ್ಲಿ ಹೊಸ ಭೂಕಂಪ ನಿಯಮ ಜಾರಿಗೆ ಬಂತು: ಭಾರೀ ಕಂಪನಕ್ಕೆ ಕಟ್ಟಡ ಬಿರುಕುಬಿಟ್ಟರೂ ಒಳಗಿದ್ದವರ ಮೇಲೆ ಬೀಳಬಾರದು. ಮರದ ಮನೆಗಳಿಗೆ 2000ದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಇಲ್ಲಿ ನೋಡಬೇಕಾದ್ದು ಮನೆ ಮುಗಿದ ವರ್ಷವನ್ನಲ್ಲ, ಕಟ್ಟಲು ಪರವಾನಗಿ ಸಿಕ್ಕ ದಿನವನ್ನು. 1982ರಲ್ಲಿ ಮುಗಿದ ಕಟ್ಟಡಕ್ಕೆ 1980ರ ಪರವಾನಗಿ ಇದ್ದರೆ ಅದು ಹಳೆಯ ನಿಯಮದ ಮನೆಯೇ.

ಬಾಡಿಗೆಗೆ ಸಿಗುವ ಮನೆಗಳಲ್ಲಿ ಜಪಾನೀಯರು ‘ಅಪಾಟೊ’ ಎನ್ನುವುದು ಸಾಮಾನ್ಯವಾಗಿ ಎರಡು ಮಹಡಿಯ, ಮರದ ಅಥವಾ ತೆಳು ಉಕ್ಕಿನ ಚೌಕಟ್ಟಿನ ಕಟ್ಟಡ. ಬಾಡಿಗೆ ಕಡಿಮೆ, ಗೋಡೆಯೂ ತೆಳ್ಳಗೆ. ಬೆಳಿಗ್ಗೆ ಆರಕ್ಕೆ ಕಾಯಿ ರುಬ್ಬಲು ಮಿಕ್ಸಿ ಹಾಕಿದರೆ ಪಕ್ಕದ ಮನೆಯವರಿಗೆ ಎಚ್ಚರವಾಗುತ್ತದೆ. ‘ಮ್ಯಾನ್ಶನ್’ ಎಂದರೆ ಕಾಂಕ್ರೀಟಿನ ಬಹುಮಹಡಿ ಫ್ಲ್ಯಾಟು. ಮಕ್ಕಳಿರುವ ಸಂಸಾರಕ್ಕೆ ಇದೇ ವಾಸಿ. ಬಿಡಿ ಮನೆ ‘ಇಕ್ಕೊಡಾಟೆ’ ಬಾಡಿಗೆಗೆ ಸಿಗುವುದು ಅಪರೂಪ. ಜಾಹೀರಾತಿನಲ್ಲಿ ಕೋಣೆಯ ಅಳತೆಯನ್ನು ಟಾಟಾಮಿ ಚಾಪೆಯ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಚಾಪೆಗೆ ಕನಿಷ್ಠ 1.62 ಚದರ ಮೀಟರ್ ಎಂದು ಹಿಡಿಯಬೇಕು. ಆರು ಚಾಪೆಯ ಕೋಣೆ ಎಂದರೆ ನಮ್ಮ ಲೆಕ್ಕದಲ್ಲಿ 105 ಚದರ ಅಡಿ. ಒಂದು ಮಂಚ, ಒಂದು ಮೇಜು ಇಟ್ಟರೆ ಮುಗಿಯಿತು.

ಮನೆ ಇಷ್ಟವಾದರೂ ಮಾಲೀಕ ಒಪ್ಪಬೇಕಲ್ಲ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರ ಪೈಕಿ ಶೇ. 39.3ರಷ್ಟು ಮಂದಿ ತಾವು ವಿದೇಶಿಯರು ಎಂಬ ಕಾರಣಕ್ಕೇ ಮನೆ ತಪ್ಪಿತು ಎಂದಿದ್ದರು. ಅಷ್ಟು ದೂರ ಹೋದ ಮೇಲೆ, ಕೈಯಲ್ಲಿ ಸಂಬಳವಿದ್ದೂ ಬಾಗಿಲಲ್ಲೇ ಇಲ್ಲ ಅನ್ನಿಸಿಕೊಳ್ಳುವುದು ಮನಸ್ಸಿಗೆ ನೋವಾಗುವ ಸಂಗತಿಯೇ. ಒಪ್ಪಿದ ಮಾಲೀಕರಿಗೂ ಜಾಮೀನು ಬೇಕು. ಜಾಮೀನು ನಿಲ್ಲಲು ಜಪಾನೀ ಪರಿಚಯಸ್ಥರಿಲ್ಲದಿದ್ದರೆ ಖಾತರಿ ಕಂಪನಿಗೆ ಶುಲ್ಕ ಕಟ್ಟಬೇಕು. ಅದರ ಮೇಲೆ ಠೇವಣಿ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯವರೆಗೆ, ಬೆಂಕಿ ವಿಮೆ, ಬೀಗ ಬದಲಿಸುವ ಖರ್ಚು, ಮತ್ತೆ ‘ರೇಕಿನ್’ ಎಂಬ ಕಾಣಿಕೆ. ಬೆಂಗಳೂರಿನಲ್ಲಿ ಕೊಟ್ಟ ಅಡ್ವಾನ್ಸ್ ಬಿಡುವಾಗಲಾದರೂ ವಾಪಸು ಬರುತ್ತದೆ. ರೇಕಿನ್ ಮಾಲೀಕನಿಗೆ ಕೊಟ್ಟರೆ ಕೊಟ್ಟಂತೆಯೇ. ಎಲ್ಲ ಸೇರಿ ಕೀಲಿ ಕೈಗೆ ಬರುವ ಮೊದಲು ನಾಲ್ಕೈದು ತಿಂಗಳ ಬಾಡಿಗೆ ಕೈಬಿಟ್ಟಿರುತ್ತದೆ. ಟೋಕಿಯೊ ಕಡೆ ಎರಡು ವರ್ಷಕ್ಕೊಮ್ಮೆ ಕರಾರು ನವೀಕರಿಸಲು ಇನ್ನೊಂದು ತಿಂಗಳ ಬಾಡಿಗೆ ಕೇಳುವುದೂ ವಾಡಿಕೆ.

ಈ ಕಷ್ಟಕ್ಕೆ ಭಾರತೀಯರು ಕಂಡುಕೊಂಡ ದಾರಿ ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ ಕಣ್ಣಿಗೆ ಕಾಣುತ್ತದೆ. 2000ದ ಹೊಸ್ತಿಲಲ್ಲಿ ಕಂಪ್ಯೂಟರುಗಳ ‘ವೈ2ಕೆ’ ಸಮಸ್ಯೆ ಬಗೆಹರಿಸಲು ಜಪಾನ್ ಭಾರತದ ಎಂಜಿನಿಯರುಗಳನ್ನು ಕರೆಸಿಕೊಂಡಿತು. ಕಚೇರಿಗಳಿರುವ ಒಟೆಮಾಚಿಗೆ ಇಲ್ಲಿಂದ ತೋಝಾಯಿ ಮಾರ್ಗದಲ್ಲಿ ನೇರ ರೈಲು. ಆಗಲೇ ಅಲ್ಲಿದ್ದ ಚಹಾ ವ್ಯಾಪಾರಿ ಜಗಮೋಹನ್ ಚಂದ್ರಾಣಿ ಹೊಸಬರಿಗೆ ಮನೆ ಮತ್ತು ಊಟದ ವ್ಯವಸ್ಥೆಗೆ ನೆರವಾದರು. ಟೋಕಿಯೊದಲ್ಲಿ 2004ರಲ್ಲಿ ಒಂದು, 2006ರಲ್ಲಿ ಇನ್ನೊಂದು ಭಾರತೀಯ ಶಾಲೆ ಬಂದ ಮೇಲೆ ಒಂಟಿಯಾಗಿ ಬಂದವರು ಸಂಸಾರವನ್ನೂ ಕರೆಸಿಕೊಂಡರು. ಇಂದು ಜಪಾನಿನಲ್ಲಿ ಭಾರತೀಯರ ಸಂಖ್ಯೆ 50 ಸಾವಿರ ದಾಟಿದೆ.

ಅವರಲ್ಲಿ ಬಹಳ ಮಂದಿ ಹಿಡಿದದ್ದು ‘ದಾಂಚಿ’ಗಳನ್ನು, ಎಂದರೆ ಸಾಲಾಗಿ ಕಟ್ಟಿದ ವಸತಿ ಸಮುಚ್ಚಯಗಳನ್ನು. ಯುದ್ಧಾನಂತರದ ಮನೆ ಬರ ನೀಗಲು 1955ರಲ್ಲಿ ಹುಟ್ಟಿದ ವಸತಿ ನಿಗಮದ ಇಂದಿನ ವಾರಸುದಾರ ‘ಯುಆರ್’ ಎಂಬ ಸರ್ಕಾರಿ ಸಂಸ್ಥೆ. ದೇಶದಾದ್ಯಂತ ಸುಮಾರು 7 ಲಕ್ಷ ಬಾಡಿಗೆ ಮನೆಗಳು ಅದರ ಕೈಯಲ್ಲಿವೆ. ಇಲ್ಲಿ ರೇಕಿನ್ ಇಲ್ಲ, ದಲ್ಲಾಳಿ ಶುಲ್ಕ ಇಲ್ಲ, ನವೀಕರಣದ ಹಣ ಇಲ್ಲ, ಜಾಮೀನುದಾರ ಬೇಡ. ದೀರ್ಘಾವಧಿ ವಾಸದ ವೀಸಾ ಮತ್ತು ಗೊತ್ತುಪಡಿಸಿದಷ್ಟು ಆದಾಯ ತೋರಿಸಿದರೆ ವಿದೇಶಿಯರಿಗೂ ಮನೆ ಸಿಗುತ್ತದೆ. ಸಂಸಾರ ಸಮೇತ ಇರುವವರಿಗೆ ಬಾಡಿಗೆ ತಿಂಗಳಿಗೆ 82,500 ಯೆನ್‌ಗಿಂತ ಕಡಿಮೆ ಇದ್ದರೆ ಸಂಬಳ ಅದರ ನಾಲ್ಕು ಪಟ್ಟು ಇರಬೇಕು. ಹೊಸದಾಗಿ ಹೋಗುವ ಸಂಸಾರಕ್ಕೆ ಇದಕ್ಕಿಂತ ಮರ್ಯಾದೆಯ ಆರಂಭ ಬೇರೆ ಇಲ್ಲ.

ಆದರೆ ಬೀಗ ತೆಗೆದು ಒಳಗೆ ಹೋದವರು ತಬ್ಬಿಬ್ಬಾಗುತ್ತಾರೆ. ಮಾಡಿನಲ್ಲಿ ದೀಪವಿಲ್ಲ, ಸಿಕ್ಕಿಸಲು ಒಂದು ದುಂಡು ಬಿಲ್ಲೆ ಮಾತ್ರ. ಕಿಟಕಿಗೆ ಪರದೆ ಇಲ್ಲ. ಹಲವು ಮನೆಗಳಲ್ಲಿ ಎ.ಸಿ. ಇಲ್ಲ. ಅಡುಗೆಮನೆಯಲ್ಲಿ ಸಿಂಕ್ ಇದೆ, ಪಕ್ಕದಲ್ಲಿ ಗ್ಯಾಸ್ ನಳಿಕೆಯ ಬಾಯಿ ಇದೆ, ಅದರ ಮುಂದೆ ತಗಡಿನ ಖಾಲಿ ಕಟ್ಟೆ. ವೀಡಿಯೊ ಕರೆಯಲ್ಲಿ ಇದನ್ನು ಕಂಡ ಕುಂದಾಪುರದ ಅಮ್ಮ, “ಒಲಿ ಎಲ್ಲಿತ್ತ್ ಮಗಾ?” ಎಂದು ಕೇಳಿದರೆ ಆಶ್ಚರ್ಯವಿಲ್ಲ. ಒಲೆ, ದೀಪ, ಪರದೆ ಎಲ್ಲವನ್ನೂ ಬಾಡಿಗೆದಾರರೇ ತರಬೇಕು. ಒಲೆ ಕೊಳ್ಳುವ ಮುನ್ನ ಬರುವುದು ನಗರದ ಪೈಪಿನ ಗ್ಯಾಸೋ ಪ್ರೊಪೇನ್ ಸಿಲಿಂಡರೋ ಎಂದು ಕೇಳಿಕೊಳ್ಳಬೇಕು. ಎರಡಕ್ಕೂ ಒಲೆ ಬೇರೆ, ಪ್ರೊಪೇನಿನ ಬಿಲ್ ಸಾಮಾನ್ಯವಾಗಿ ಹೆಚ್ಚು. ಊರಿಂದ ಹೊತ್ತೊಯ್ದ ಮಿಕ್ಸಿ ನೇರವಾಗಿ ನಡೆಯುವುದಿಲ್ಲ. ಅಲ್ಲಿನ ವಿದ್ಯುತ್ 100 ವೋಲ್ಟ್. ಇಡ್ಲಿ ಹಿಟ್ಟು ರುಬ್ಬಬೇಕೆಂದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ಒಗ್ಗರಣೆಯ ಜಿಡ್ಡು, ಅರಿಶಿನದ ಕಲೆ ಕೂಡ ಲೆಕ್ಕಕ್ಕೆ ಬರುತ್ತವೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ ತಿದ್ದುಪಡಿಯಂತೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಒರೆಸದೆ ಬಿಟ್ಟು ಗಟ್ಟಿಯಾದ ಎಣ್ಣೆ ಜಿಡ್ಡಿಗೆ ಹೊಣೆ. ಸಾಮಾನು ಇಳಿಸುವ ಮೊದಲೇ ಗೋಡೆ, ನೆಲ, ಸಿಂಕಿನ ಫೋಟೊ ತೆಗೆದಿಟ್ಟವರಿಗೆ ಮನೆ ಬಿಡುವ ದಿನ ಜಗಳ ಕಡಿಮೆ.

ನೀರಿನ ಭಯವೂ ಇಲ್ಲದಿಲ್ಲ. ಎಡೊಗಾವಾ ವಾರ್ಡಿನ ನೆಲದ ಸುಮಾರು ಶೇ. 70 ಭಾಗ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಮಹಾ ಪ್ರವಾಹ ಬಂದರೆ ಇಲ್ಲಿ ಉಳಿಯಬಾರದು, ಹೊರಟುಹೋಗಬೇಕು ಎಂದು ವಾರ್ಡಿನ ಆಡಳಿತವೇ 2019ರಲ್ಲಿ ಹೊರಡಿಸಿದ ಪ್ರವಾಹ ನಕ್ಷೆಯ ಮುಖಪುಟದಲ್ಲಿ ನೇರವಾಗಿ ಹೇಳಿತು. 2020ರ ಆಗಸ್ಟ್‌ನಿಂದ, ಮನೆ ಪ್ರವಾಹ ನಕ್ಷೆಯಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ಕರಾರಿಗೆ ಮೊದಲೇ ದಲ್ಲಾಳಿ ವಿವರಿಸುವುದು ಕಡ್ಡಾಯ. ಮೂರನೆಯ ಮಹಡಿಗಿಂತ ಮೇಲೆ ಮನೆ ಹಿಡಿಯುವುದು ಇಲ್ಲಿ ಜಾಣತನ.

ಕೆಲವು ವರ್ಷ ಕಳೆದ ಮೇಲೆ ಸ್ವಂತ ಮನೆಯ ಆಸೆ ಹುಟ್ಟುತ್ತದೆ. ಜಪಾನಿನಲ್ಲಿ ವಿದೇಶಿಯರೂ ಭೂಮಿ ಕೊಳ್ಳಬಹುದು, ಆದರೆ ಬ್ಯಾಂಕುಗಳು ಸಾಲ ಕೊಡುವಾಗ ಹೆಚ್ಚಾಗಿ ಕಾಯಂ ವಾಸದ ಪರವಾನಗಿ ಕೇಳುತ್ತವೆ. ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯುಸ್ಸು 22 ವರ್ಷ, ಕಾಂಕ್ರೀಟಿನದು 47. ಅಷ್ಟು ಹಳೆಯದಾದ ಮರದ ಮನೆಗೆ ಮಾರುಕಟ್ಟೆಯಲ್ಲಿ ಬೆಲೆ ಬಹುತೇಕ ಜಾಗಕ್ಕೆ ಮಾತ್ರ. ಹಳ್ಳಿಗಳಲ್ಲಂತೂ ಯಾರೂ ವಾಸವಿಲ್ಲದ ‘ಅಕಿಯಾ’ ಮನೆಗಳು ತೀರಾ ಅಗ್ಗಕ್ಕೆ ಸಿಗುತ್ತವೆ. 2023ರ ವಸತಿ ಸಮೀಕ್ಷೆಯಂತೆ ದೇಶದಲ್ಲಿ ಖಾಲಿ ಮನೆಗಳು ಸುಮಾರು 90 ಲಕ್ಷ, ಒಟ್ಟು ಮನೆಗಳ ಶೇ. 13.8. ಮಕ್ಕಳೆಲ್ಲ ಮುಂಬೈ, ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳನ್ನು ಕಂಡ ಕರಾವಳಿಯವರಿಗೆ ಇದರ ಕಾರಣ ವಿವರಿಸಬೇಕಿಲ್ಲ. ಅಗ್ಗವೆಂದು ಕೊಂಡುಬಿಡುವ ಮೊದಲು ಎರಡು ವಿಷಯ ಗೊತ್ತಿರಬೇಕು: ಮನೆ ಕೊಂಡ ಮಾತ್ರಕ್ಕೆ ವೀಸಾ ಸಿಗುವುದಿಲ್ಲ, ಮತ್ತು ನಗರ ಯೋಜನೆಯ ವ್ಯಾಪ್ತಿಯಲ್ಲಿ ಆ ಜಾಗ ನಾಲ್ಕು ಮೀಟರ್ ಅಗಲದ ರಸ್ತೆಗೆ ಕನಿಷ್ಠ ಎರಡು ಮೀಟರ್ ತಾಗಿರದಿದ್ದರೆ, ಹಳೆಯದನ್ನು ಕೆಡವಿ ಹೊಸ ಮನೆ ಕಟ್ಟಲು ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ.